ಬೇಸಿಗೆಯಲ್ಲಿ ಹವಳದ ತೊಟ್ಟಿ: ಮೊದಲು ಉಸಿರು, ಆಮೇಲೆ ತಂಪು

ಮನೆಯಲ್ಲಿ ಹವಳದ ತೊಟ್ಟಿ, ಅಂದರೆ ಜೀವಂತ ಹವಳ ಮತ್ತು ಮೀನುಗಳಿರುವ ಉಪ್ಪುನೀರಿನ ಅಕ್ವೇರಿಯಂ, ಇಟ್ಟವರೆಲ್ಲ ಬೇಸಿಗೆ ಬಂದೊಡನೆ ಕೇಳುವುದು ಒಂದೇ ಪ್ರಶ್ನೆ: ನೀರು ಎಷ್ಟು ಡಿಗ್ರಿಗೆ ಏರಿದರೆ ಅಪಾಯ? ಇದಕ್ಕೆ ಉತ್ತರವಿದೆ, ಮುಂದೆ ಹೇಳುತ್ತೇನೆ. ಆದರೆ ಅದಕ್ಕಿಂತ ಮೊದಲು ತಿಳಿದಿರಬೇಕಾದ ಸಂಗತಿ ಇನ್ನೊಂದಿದೆ. ಸೆಕೆಗಾಲದಲ್ಲಿ ಮೀನುಗಳಿಗೆ ಗಂಡಾಂತರದ ಹೊತ್ತು ನಸುಕು. ಆಗ ಥರ್ಮಾಮೀಟರಿನ ಅಂಕಿ ಮಧ್ಯಾಹ್ನದ್ದಕ್ಕಿಂತ ಕೆಳಗೇ ಇರುತ್ತದೆ. ಹಾಗಿದ್ದರೂ ರಾತ್ರಿಯಿಡೀ ದೀಪವಿಲ್ಲದ ನೀರಿನಲ್ಲಿ ಮೀನು, ಹವಳ, ಪಾಚಿ, ಬ್ಯಾಕ್ಟೀರಿಯ ಎಲ್ಲವೂ ಆಮ್ಲಜನಕವನ್ನು ಬಳಸುತ್ತಲೇ ಇದ್ದವು. ಬೆಳಕಿಲ್ಲದ ಕಾರಣ ಅದನ್ನು ಉತ್ಪಾದಿಸುವ ಜೀವ ಒಂದೂ ಇರಲಿಲ್ಲ. ಬೆಳಗಿನ ಜಾವಕ್ಕೆ ತೊಟ್ಟಿಯ ಉಸಿರು ಅತ್ಯಂತ ತೆಳುವಾಗಿರುತ್ತದೆ.

ಬಿಸಿ ನೀರಿಗೆ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ. ಸಾವಿರಕ್ಕೆ 35 ಲವಣಾಂಶದ ಕಡಲ ನೀರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 6.7 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿಯಬಲ್ಲದು. ಅದೇ ನೀರು 30 ಡಿಗ್ರಿಗೆ ಏರಿದರೆ ಸುಮಾರು 6.2ಕ್ಕೆ ಇಳಿಯುತ್ತದೆ. ಇಳಿಕೆ ಸಣ್ಣದೆಂದು ಕಾಣಬಹುದು. ಆದರೆ ಇದೇ ಹೊತ್ತಿಗೆ ಮೀನಿನ ಮೈಯೊಳಗಿನ ಕೆಲಸ ಚುರುಕಾಗಿರುತ್ತದೆ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಶೀತರಕ್ತದ ಪ್ರಾಣಿಯ ಆಮ್ಲಜನಕದ ಬೇಡಿಕೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಐದು ಡಿಗ್ರಿಗೆ ಸುಮಾರು ಶೇ 40ರಷ್ಟು ಏರಿಕೆ. ಪೂರೈಕೆ ತಗ್ಗುತ್ತಿರುವಾಗಲೇ ಬೇಡಿಕೆ ಏರುತ್ತಿದೆ ಎಂದಾಯಿತು. ಆದ್ದರಿಂದ ಬೇಸಿಗೆಯ ಸಿದ್ಧತೆಯಲ್ಲಿ ನನ್ನ ಮೊದಲ ಕೆಲಸ ನೀರಿನ ಮೇಲ್ಮೈಯನ್ನು ಸರಿಪಡಿಸುವುದು. ತಂಪು ಆಮೇಲಿನ ಮಾತು.

ಅಲೆ ಎಬ್ಬಿಸುವ ಪಂಪುಗಳಲ್ಲಿ ಒಂದರ ಮುಖವನ್ನು ಮೇಲಕ್ಕೆ ತಿರುಗಿಸಿ. ನೀರಿನ ಮೇಲ್ಪದರ ಎಲ್ಲಿಯೂ ಗಾಜಿನಂತೆ ನಿಂತಿರಬಾರದು, ಬೆಳಕು ಮರಳಿನ ಮೇಲೆ ಓಡಾಡುತ್ತಿರಬೇಕು. ಮೇಲೆ ಎಣ್ಣೆಯಂಥ ಪೊರೆ ಕಟ್ಟಿದ್ದರೆ ನೀರು ಉಕ್ಕಿ ಕೆಳಗಿಳಿಯುವ ಬಾಚಣಿಗೆಯಂಥ ಅಂಚನ್ನು ಉಜ್ಜಿ ತೊಳೆಯಿರಿ. ಆ ಪೊರೆ ಗಾಳಿ ಮತ್ತು ನೀರಿನ ನಡುವಿನ ವಿನಿಮಯಕ್ಕೆ ಅಡ್ಡಗೋಡೆ. ಸ್ಕಿಮ್ಮರನ್ನು ಹಗಲುರಾತ್ರಿ ಓಡಿಸಿ. ಅದು ಕೊಳೆ ತೆಗೆಯುವ ಯಂತ್ರವೆಂದೇ ಹೆಸರಾಗಿದ್ದರೂ ಸೆಕೆಯಲ್ಲಿ ಅದರ ದೊಡ್ಡ ಉಪಕಾರವೆಂದರೆ ನೀರಿಗೆ ಬೆರೆಸುವ ಗಾಳಿ. ಅದರ ಗಾಳಿಕೊಳವೆಯಲ್ಲಿ ಉಪ್ಪು ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಬಿಸಿನೀರಿನಲ್ಲಿ ಅದ್ದಿ ತೆರವು ಮಾಡಿದರೆ ಗುಳ್ಳೆಗಳು ಮತ್ತೆ ಹಾಲಿನಂತೆ ಬರುತ್ತವೆ.

ಎಷ್ಟು ಡಿಗ್ರಿ ಎಂಬ ಪ್ರಶ್ನೆಗೆ ಈಗ ಬರುತ್ತೇನೆ. ನನ್ನ ತೊಟ್ಟಿ, ಸಂಪ್ (ಅದರ ಕೆಳಗಿನ ಕಪಾಟಿನಲ್ಲಿ ಪಂಪು, ಸ್ಕಿಮ್ಮರ್ ಇರುವ ಎರಡನೆಯ ತೊಟ್ಟಿ) ಸೇರಿ ಒಟ್ಟು 200 ಲೀಟರ್. ಅದರಲ್ಲಿ ಒಂದು ಜೋಡಿ ಕ್ಲೌನ್ ಮೀನು, ಒಂದು ಫೈರ್‌ಫಿಶ್, ಹ್ಯಾಮರ್ ಹವಳದ ಒಂದು ದೊಡ್ಡ ಗುಂಪು, ಹವಳದ ಬಂಧುಗಳಾದ ಮೆತ್ತನೆಯ ಝೋವಾಂಥಿಡ್‌ಗಳು, ತಟ್ಟೆಯಾಕಾರದ ಮಾಂಟಿಪೋರಾ ಹವಳ ಇವೆ. ಇವುಗಳಿಗೆ 25ರಿಂದ 26.5 ಡಿಗ್ರಿ ಹಿತ. 28 ಮುಟ್ಟಿದರೆ ಎಚ್ಚರವಾಗುತ್ತೇನೆ, 29 ದಾಟಿದರೆ ಬೇರೆ ಕೆಲಸ ಬಿಟ್ಟು ತೊಟ್ಟಿಯ ಬಳಿ ನಿಲ್ಲುತ್ತೇನೆ. ಆದರೆ ಏರಿದ ಅಂಕಿಗಿಂತ ಅದು ಎಷ್ಟು ಕಾಲ ನಿಂತಿತು ಎಂಬುದು ಮುಖ್ಯ. ಅಮೆರಿಕದ ಸಾಗರ ಮತ್ತು ವಾತಾವರಣ ಸಂಸ್ಥೆಯಾದ ನೋವಾ ಕಡಲಿನ ಹವಳಗಳ ಮೇಲೆ ನಿಗಾ ಇಡುವಾಗ ಬಳಸುವ ಅಳತೆಯೇ ಅಂಥದ್ದು: ಒಂದು ಜಾಗದ ಸಾಮಾನ್ಯ ಬೇಸಿಗೆಯ ಗರಿಷ್ಠಕ್ಕಿಂತ ಎಷ್ಟು ಡಿಗ್ರಿ ಹೆಚ್ಚು, ಎಷ್ಟು ವಾರ ಎಂದು ಕೂಡಿಸುತ್ತಾರೆ. ಒಂದು ಡಿಗ್ರಿ ಹೆಚ್ಚಿನ ಶಾಖ ನಾಲ್ಕು ವಾರ ನಿಂತರೆ ಗಣನೀಯ ಬಿಳಿಚುವಿಕೆ (ಹವಳ ಬಣ್ಣ ಕಳೆದುಕೊಳ್ಳುವುದು), ಎಂಟು ವಾರ ನಿಂತರೆ ತೀವ್ರ ಬಿಳಿಚುವಿಕೆ ಮತ್ತು ಸಾವು ಎಂಬುದು ಅವರ ಲೆಕ್ಕ. ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ 1998ರಲ್ಲಿ, 2016ರಲ್ಲಿ, ಮತ್ತೆ 2024ರಲ್ಲಿ ಹವಳಗಳು ಸಾಮೂಹಿಕವಾಗಿ ಬಿಳಿಚಿಕೊಂಡದ್ದು ಇಂಥ ನಿಂತ ಶಾಖದಿಂದಲೇ. ಒಂದು ಮಧ್ಯಾಹ್ನ 28.5ಕ್ಕೆ ಏರಿ ಸಂಜೆ ಇಳಿದ ತೊಟ್ಟಿ ತಡೆದುಕೊಳ್ಳುತ್ತದೆ. ವಾರಗಟ್ಟಲೆ 29ರಲ್ಲೇ ಉಳಿದ ತೊಟ್ಟಿ ಒಳಗೊಳಗೇ ಸೋಲುತ್ತಿರುತ್ತದೆ.

ಅಳೆಯಲು ಎರಡು ಬೇರೆ ಬೇರೆ ಬಗೆಯ ಥರ್ಮಾಮೀಟರ್ ಇರಲಿ. ಒಂದು ದಿನದ ಗರಿಷ್ಠ ಮತ್ತು ಕನಿಷ್ಠವನ್ನು ನೆನಪಿಟ್ಟುಕೊಳ್ಳುವಂಥದ್ದಾದರೆ ಉತ್ತಮ. ಎರಡರ ನಡುವೆ ಅರ್ಧ ಡಿಗ್ರಿಗಿಂತ ಹೆಚ್ಚು ಅಂತರ ಬಂದರೆ ಯಾವುದು ಸರಿಯೆಂದು ಮೊದಲು ಪತ್ತೆ ಮಾಡಿ.

ಶಾಖ ಎಲ್ಲಿಂದ ಬರುತ್ತದೆ?

ಹೊರಗಿನ ಬಿಸಿಲನ್ನು ದೂರುವ ಮೊದಲು ತೊಟ್ಟಿಯೊಳಗೆ ನೋಡಬೇಕು. ನೀರಿನಲ್ಲಿ ಮುಳುಗಿದ ಪಂಪು ಎಷ್ಟು ವ್ಯಾಟ್ ವಿದ್ಯುತ್ ಬಳಸುತ್ತದೆಯೋ ಹೆಚ್ಚುಕಡಿಮೆ ಅಷ್ಟೂ ಕೊನೆಗೆ ನೀರಿನಲ್ಲೇ ಶಾಖವಾಗುತ್ತದೆ. 40 ವ್ಯಾಟ್‌ನ ಒಂದು ಪಂಪು ದಿನವಿಡೀ ಓಡಿದರೆ, ಆ ಶಾಖ ಹೊರಗೆ ಹೋಗದೆ ಉಳಿದರೆ, 200 ಲೀಟರ್ ನೀರನ್ನು ಸುಮಾರು 4 ಡಿಗ್ರಿ ಬಿಸಿ ಮಾಡಬಲ್ಲದು. ಪರ್ಯಾಯ ವಿದ್ಯುತ್ತಿನ (ಎಸಿ) ಹಳೆಯ ಪಂಪಿನ ಬದಲು ಅಷ್ಟೇ ನೀರೆತ್ತುವ ನೇರ ವಿದ್ಯುತ್ತಿನ (ಡಿಸಿ) ಪಂಪು ಹಾಕಿದರೆ ಈ ಹೊರೆ ಎಷ್ಟೋ ತಗ್ಗುತ್ತದೆ. ಮೆಟಲ್ ಹ್ಯಾಲೈಡ್ ದೀಪ ಇನ್ನೂ ಬಳಸುವವರು ಬೇಸಿಗೆಯ ಮಟ್ಟಿಗಾದರೂ ಎಲ್‌ಇಡಿಗೆ ಬದಲಾಗುವುದು ಒಳ್ಳೆಯದು; ಎಲ್‌ಇಡಿಯ ಶಾಖ ಬಹುಪಾಲು ಅದರ ಮೇಲ್ಭಾಗದ ಲೋಹದ ಮೂಲಕ ಗಾಳಿಗೆ ಹೋಗುತ್ತದೆ.

ಹೀಟರನ್ನು ಹಲವರು ಬೇಸಿಗೆಯಲ್ಲಿ ಪೂರ್ತಿ ತೆಗೆದಿಡುತ್ತಾರೆ. ನಾನು ತೆಗೆಯುವುದಿಲ್ಲ. ಫ್ಯಾನ್ ಅಥವಾ ನೀರು ತಣಿಸುವ ಯಂತ್ರವಾದ ಚಿಲ್ಲರ್ ನಿಲ್ಲದೆ ಓಡಿಬಿಟ್ಟರೆ ರಾತ್ರಿ ನೀರು ಅತಿಯಾಗಿ ತಣ್ಣಗಾಗುತ್ತದೆ, ಆಗ ತಡೆಯುವುದು ಹೀಟರ್ ಒಂದೇ. ಆದರೆ ಅದರ ಸ್ವಂತ ಥರ್ಮೋಸ್ಟಾಟ್ ಅಂಟಿಕೊಂಡು ಉರಿಯುತ್ತಲೇ ಇರುವ ಸಂಭವವಿರುವುದರಿಂದ ಪ್ರತ್ಯೇಕ ನಿಯಂತ್ರಕದ ಮೂಲಕವೇ ಜೋಡಿಸಿ, 24.5ಕ್ಕೆ ಇಳಿಸಿಡಿ. ತಂಪು ಮಾಡುವ ಸಾಧನ 26.5ಕ್ಕೆ ಶುರುವಾಗಲಿ. ಇವೆರಡರ ನಡುವೆ ಅಂತರವಿಲ್ಲದಿದ್ದರೆ ಒಂದು ಕಾಯಿಸುತ್ತಾ ಇನ್ನೊಂದು ತಣಿಸುತ್ತಾ ದಿನವಿಡೀ ಜಗಳವಾಡುತ್ತವೆ.

ತೊಟ್ಟಿಯ ಮೇಲೆ ನೇರ ಬಿಸಿಲು ಬೀಳುತ್ತಿದ್ದರೆ ಪರದೆ ಎಳೆಯಿರಿ. ಸಂಪ್ ಇರುವ ಕಪಾಟಿನ ಬಾಗಿಲು ತೆಗೆದಿಡಿ; ಒಳಗಿನ ಬಿಸಿ, ತೇವದ ಗಾಳಿ ಹೊರಗೆ ಬರಲಿ.

ಫ್ಯಾನ್ ಮಾಡುವ ಕೆಲಸ

ಬೇಸಿಗೆಯಲ್ಲಿ ಹವಳದ ತೊಟ್ಟಿಗೆ ಅತಿ ಹೆಚ್ಚು ನೆರವಾಗುವ ಉಪಕರಣ ಸಾಧಾರಣ ಫ್ಯಾನ್ ಎಂಬುದು ನನ್ನ ದೃಢ ಅಭಿಪ್ರಾಯ. ಅದು ನೀರನ್ನು ತಣ್ಣಗೆ ಮಾಡುವುದು ಆವಿಯ ಮೂಲಕ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2,400 ಕಿಲೋಜೂಲ್ ಶಾಖವನ್ನು ಹೊತ್ತೊಯ್ಯುತ್ತದೆ. 200 ಲೀಟರ್ ತೊಟ್ಟಿಯನ್ನು ಸುಮಾರು 3 ಡಿಗ್ರಿ ತಣಿಸಲು ಅಷ್ಟು ಸಾಕು. ಮೇಲೆ ಹೇಳಿದ 40 ವ್ಯಾಟ್ ಪಂಪಿನ ಇಡೀ ದಿನದ ಶಾಖವನ್ನು ಕಳೆಯಲು ಹೆಚ್ಚುಕಡಿಮೆ ಒಂದೂವರೆ ಲೀಟರ್ ಆವಿಯಾದರೆ ಆಯಿತು. ಇದಕ್ಕೆ ಎದುರಾಗಿ ಒಂದು ಲೀಟರ್ ಮಂಜುಗಡ್ಡೆಯ ಬಾಟಲಿಯನ್ನು ತೇಲಿಬಿಟ್ಟು ಅದು ಪೂರ್ತಿ ಕರಗಿ ತೊಟ್ಟಿಯ ಉಷ್ಣತೆಗೆ ಬಂದರೂ ಸಿಗುವುದು ಅರ್ಧ ಡಿಗ್ರಿ ಮಾತ್ರ. ಆವಿಯ ಬಲ ಮಂಜುಗಡ್ಡೆಯ ಐದು ಪಟ್ಟಿಗಿಂತಲೂ ಹೆಚ್ಚು.

ಫ್ಯಾನನ್ನು ನೇರವಾಗಿ ಕೆಳಕ್ಕೆ ಬೀಸಿಸಬೇಡಿ. ಗಾಳಿ ನೀರಿನ ಮೇಲ್ಮೈಯನ್ನು ಸವರಿಕೊಂಡು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗುವಂತೆ ಓರೆಯಾಗಿ ಇಡಿ. ತೊಟ್ಟಿಗೆ ಒಂದು, ಸಂಪಿಗೆ ಒಂದು ಸಣ್ಣ ಫ್ಯಾನ್ ಇಟ್ಟರೆ ದೊಡ್ಡದೊಂದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತವೆ. ಗಾಜಿನ ಮುಚ್ಚಳ ಇದ್ದರೆ ತೆಗೆಯಲೇಬೇಕು, ಅದು ಆವಿಯನ್ನೂ ಗಾಳಿಯನ್ನೂ ತಡೆಯುತ್ತದೆ. ಆದರೆ ತೆರೆದ ತೊಟ್ಟಿಯಿಂದ ಫೈರ್‌ಫಿಶ್, ರ್‍ಯಾಸ್, ಗೋಬಿಗಳು ಹಾರಿ ಹೊರಗೆ ಬೀಳುತ್ತವೆ. ಸಣ್ಣ ಕಣ್ಣಿನ ಬಲೆಯನ್ನು ಚೌಕಟ್ಟಿಗೆ ಬಿಗಿದು ಮುಚ್ಚಿ. ಈ ಒಂದು ಬಲೆಯ ವಿಷಯದಲ್ಲಿ ನಾಳೆ ನೋಡೋಣ ಎನ್ನಬೇಡಿ. ಬೆಚ್ಚಿಬಿದ್ದ ಮೀನು ರಾತ್ರಿಯ ಕತ್ತಲಲ್ಲಿ ಹಾರುತ್ತದೆ, ಬೆಳಗಾಗುವ ತನಕ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಫ್ಯಾನಿನ ವಿದ್ಯುತ್ ತಂತಿ ಪ್ಲಗ್ಗಿಗಿಂತ ಕೆಳಕ್ಕೆ ಜೋತು ಮತ್ತೆ ಮೇಲೇರುವಂತಿರಲಿ. ತಂತಿಗುಂಟ ಇಳಿದ ಉಪ್ಪುನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಸೋರಿಕೆಯಾದೊಡನೆ ವಿದ್ಯುತ್ ಕಡಿದುಹಾಕುವ ಸುರಕ್ಷಾ ಸ್ವಿಚ್ಚು ಇಡೀ ತೊಟ್ಟಿಗೆ ಇರಬೇಕು.

ಫ್ಯಾನಿಗೆ ಒಂದು ಮಿತಿಯಿದೆ. ಒಣ ಗಾಳಿಯಲ್ಲಿ ನೀರನ್ನು 3-4 ಡಿಗ್ರಿ ಇಳಿಸುವ ಅದೇ ಫ್ಯಾನ್, ಗಾಳಿಯಲ್ಲಿ ತೇವ ತುಂಬಿರುವಾಗ ಒಂದು ಡಿಗ್ರಿಗೂ ಒದ್ದಾಡುತ್ತದೆ. ಬೆವರು ಆರದ ದಿನ ತೊಟ್ಟಿಯ ನೀರೂ ಆರುವುದಿಲ್ಲ. ಮುಚ್ಚಿದ ಕೋಣೆಯಲ್ಲಂತೂ ತೊಟ್ಟಿಯ ಆವಿಯೇ ಕೋಣೆಯನ್ನು ತುಂಬಿ ಫ್ಯಾನನ್ನು ನಿಷ್ಪ್ರಯೋಜಕಗೊಳಿಸುತ್ತದೆ. ಕಿಟಕಿ ತೆರೆಯಿರಿ, ಇಲ್ಲವೇ ಕೋಣೆಗೆ ಹವಾನಿಯಂತ್ರಕವಿದ್ದರೆ ಅದನ್ನು ಓಡಿಸಿ. ಅದು ಗಾಳಿಯನ್ನು ಒಣಗಿಸುವುದರಿಂದ ಫ್ಯಾನಿನ ಜೊತೆ ಅದರ ಜೋಡಿ ಬಹಳ ಸೊಗಸು. ಒಂದು ಎಚ್ಚರ ಮಾತ್ರ: ಬಿಗಿಯಾಗಿ ಮುಚ್ಚಿದ ಕೋಣೆಯಲ್ಲಿ ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್ ಸೇರಿಕೊಂಡು ನೀರಿನ ಪಿಎಚ್ ಇಳಿಯುತ್ತದೆ. 8.2ರ ಆಸುಪಾಸಿನಲ್ಲಿದ್ದದ್ದು 7.8ಕ್ಕೆ ಬಂದರೆ ಅದಕ್ಕೆ ಔಷಧಿ ಸುರಿಯಬೇಡಿ. ಸ್ಕಿಮ್ಮರಿನ ಗಾಳಿಕೊಳವೆಯನ್ನು ಕಿಟಕಿಯ ಹೊರಗಿನ ತನಕ ಉದ್ದ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಉಪ್ಪು ಹಿಂದೆ ಉಳಿಯುತ್ತದೆ

ಆವಿಯಾಗುವುದು ನೀರು ಮಾತ್ರ. ಉಪ್ಪು ಅಲ್ಲೇ ಇರುತ್ತದೆ. ಬೇಸಿಗೆಯಲ್ಲಿ ಫ್ಯಾನ್ ಹಾಕಿದವರು ಎಡವುವುದು ಹೆಚ್ಚಾಗಿ ಇಲ್ಲೇ. ದಿನಕ್ಕೆ 4 ಲೀಟರ್ ಆವಿಯಾಗುವ 200 ಲೀಟರ್ ತೊಟ್ಟಿಗೆ ಮೂರು ದಿನ ನೀರು ತುಂಬದಿದ್ದರೆ 35 ಇದ್ದ ಲವಣಾಂಶ 37 ದಾಟುತ್ತದೆ. ಸಂಪ್ ಇರುವ ತೊಟ್ಟಿಯಲ್ಲಿ ಮೇಲಿನ ಮಟ್ಟ ಕದಲುವುದಿಲ್ಲ, ಇಳಿಯುವುದೆಲ್ಲ ಸಂಪಿನಲ್ಲಿ ಪಂಪು ಇರುವ ಕೊನೆಯ ಕೋಣೆಯಲ್ಲಿ. ಅಲ್ಲೊಂದು ಗೆರೆ ಎಳೆದಿಡಿ. ಪಂಪು ಗಾಳಿ ಹೀರಿ ಗುಳ್ಳೆ ಉಗುಳತೊಡಗುವ ತನಕ ಕಾಯುವುದು ತಡವಾದಂತೆ.

ಆ ಗೆರೆಯ ತನಕ ತುಂಬಬೇಕಾದದ್ದು ಸಿಹಿನೀರು, ಅದೂ ನೀರಿನಲ್ಲಿ ಕರಗಿದ್ದನ್ನು ತೆಗೆದುಹಾಕುವ ಆರ್‌ಒ ಮತ್ತು ಡಿಐ ಶೋಧಕಗಳಿಂದ ಬಂದದ್ದು. ಆವಿಯಾದ ಜಾಗಕ್ಕೆ ಉಪ್ಪುನೀರು ಸುರಿದರೆ ಲವಣಾಂಶ ದಿನದಿನಕ್ಕೆ ಏರುತ್ತಾ ಹೋಗುತ್ತದೆ. ನಲ್ಲಿನೀರಿನಲ್ಲಿರುವ ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್‌ಗಳು ಆವಿಯಾಗುವುದಿಲ್ಲವಾದ್ದರಿಂದ ಅವೂ ಸೇರುತ್ತಾ ಪಾಚಿಗೆ ಮೇವಾಗುತ್ತವೆ. ಒಮ್ಮೆಗೇ ಒಂದು ಕೊಡ ಸುರಿಯುವ ಬದಲು ದಿನಕ್ಕೆ ಹಲವು ಸಲ ಸ್ವಲ್ಪ ಸ್ವಲ್ಪ ಸೇರಿಸಿ. ಆವಿಯಾದಷ್ಟು ನೀರನ್ನು ತಾನೇ ತುಂಬುವ ಸ್ವಯಂಚಾಲಿತ ಟಾಪ್-ಅಪ್ ಸಾಧನವಿದ್ದರೆ ಈ ಚಿಂತೆ ತಪ್ಪುತ್ತದೆ. ಅದರ ನೀರಿನ ಡಬ್ಬ ಮಾತ್ರ ತುಂಬ ದೊಡ್ಡದಿರದಿರಲಿ. ಸಂವೇದಕದ ಮೇಲೆ ಬಸವನಹುಳು ಕುಳಿತೋ ಪಾಚಿ ಕಟ್ಟಿಯೋ ಪಂಪು ನಿಲ್ಲದೆ ಓಡಿದರೆ, 10 ಲೀಟರ್ ಡಬ್ಬವಾದರೆ ಲವಣಾಂಶ 33ರ ಹತ್ತಿರಕ್ಕೆ ಇಳಿದು ನಿಲ್ಲುತ್ತದೆ, ಪ್ರಾಣಿಗಳು ಉಳಿಯುತ್ತವೆ. 50 ಲೀಟರ್ ಡಬ್ಬವಾದರೆ ತೊಟ್ಟಿ, ನೆಲ ಎರಡೂ ಹಾಳು.

ಲವಣಾಂಶವನ್ನು, ನೀರಿನಲ್ಲಿ ಬೆಳಕು ಬಾಗುವುದರಿಂದ ಉಪ್ಪನ್ನು ಅಳೆಯುವ ರಿಫ್ರ್ಯಾಕ್ಟೋಮೀಟರಿನಲ್ಲಿ ಅಳೆಯಿರಿ, ಅದನ್ನು ಸಾವಿರಕ್ಕೆ 35ರ ದ್ರಾವಣದಿಂದ ಆಗಾಗ ಸರಿಹೊಂದಿಸಿ. ತೂಗುಮುಳ್ಳಿನ ಹೈಡ್ರೋಮೀಟರನ್ನು ಬೇಸಿಗೆಯಲ್ಲಿ ನಾನು ನಂಬುವುದಿಲ್ಲ. ನೀರು ಬಿಸಿಯಾದಂತೆ ಅದರ ಸಾಂದ್ರತೆ ತಗ್ಗಿ, ಉಪ್ಪು ಇದ್ದದ್ದಕ್ಕಿಂತ ಕಡಿಮೆಯೆಂದು ಅದು ತೋರಿಸಬಹುದು.

ಟಾಪ್-ಅಪ್ ನೀರಿನಲ್ಲೇ ಸುಣ್ಣ ಬೆರೆಸಿ, ಅಂದರೆ ಕಾಲ್ಕ್‌ವಾಸರ್ ಮಾಡಿ, ಹವಳಗಳಿಗೆ ಕ್ಯಾಲ್ಸಿಯಂ ಒದಗಿಸುವವರಿಗೆ ಒಂದು ಮಾತು. ಚಳಿಗಾಲದಲ್ಲಿ 2 ಲೀಟರ್ ಆವಿಯಾಗುತ್ತಿದ್ದ ತೊಟ್ಟಿಯಲ್ಲಿ ಈಗ 4 ಲೀಟರ್ ಆವಿಯಾಗುತ್ತಿದ್ದರೆ, ನೀವು ಏನನ್ನೂ ಬದಲಿಸದೆಯೇ ಸುಣ್ಣದ ಪ್ರಮಾಣ ಇಮ್ಮಡಿಯಾಗಿದೆ. ಪಿಎಚ್ ಮೇಲಕ್ಕೆ ಜಿಗಿಯುತ್ತದೆ, ಕ್ಷಾರೀಯತೆ (ಹವಳ ಅಸ್ಥಿ ಕಟ್ಟಲು ಬಳಸುವ ಕಾರ್ಬೊನೇಟುಗಳ ಅಳತೆ) ಏರುತ್ತದೆ. ಬೇಸಿಗೆಯಲ್ಲಿ ಇವೆರಡನ್ನೂ ಬೇರ್ಪಡಿಸಿ: ಟಾಪ್-ಅಪ್‌ಗೆ ಬರಿಯ ನೀರು, ಸುಣ್ಣದ ನೀರು ಬೇರೆ ಡೋಸಿಂಗ್ ಪಂಪಿನಿಂದ, ರಾತ್ರಿ ಹೊತ್ತು, ಅಳತೆಯಂತೆ. ಕ್ಷಾರೀಯತೆಯನ್ನು ವಾರಕ್ಕೆರಡು ಸಲ ಅಳೆಯಿರಿ. ಅದು 8ರಿಂದ 9 ಡಿಕೆಎಚ್ (ಕ್ಷಾರೀಯತೆಯ ಮಾನ) ನಡುವೆ ನೆಟ್ಟಗೆ ನಿಂತಿದ್ದು, ಡೋಸು ಬದಲಾಗದಿದ್ದರೂ ಮೇಲೇರತೊಡಗಿದರೆ, ಹವಳಗಳು ಅಸ್ಥಿ ಕಟ್ಟುವುದನ್ನು ನಿಧಾನಿಸಿವೆ ಎಂದು ಅರ್ಥ ಮಾಡಿಕೊಳ್ಳಿ. ಬಣ್ಣ ಮಾಸುವುದಕ್ಕಿಂತ ಮೊದಲೇ ಸಿಗುವ ಈ ಸೂಚನೆಯನ್ನು ನಾನು ಬಹಳ ನೆಚ್ಚಿಕೊಂಡಿದ್ದೇನೆ.

ಚಿಲ್ಲರ್ ಬೇಕೇ?

ಅಕ್ರೋಪೋರಾದಂಥ ಸೂಕ್ಷ್ಮ ಹವಳಗಳಿದ್ದು, ಗಾಳಿಯಲ್ಲಿ ತೇವ ಹೆಚ್ಚಾಗಿದ್ದು, ಫ್ಯಾನ್ ಸೋತಾಗ ಬೇಕು. ಉಳಿದವರಿಗೆ ಅಗತ್ಯವಿಲ್ಲ. ಹಾಕಿಸುವುದಾದರೆ ಅದನ್ನು ಕಪಾಟಿನೊಳಗೆ ಇಡಬೇಡಿ. ತೊಟ್ಟಿಯಿಂದ ಎತ್ತಿದ ಶಾಖದ ಜೊತೆಗೆ ತನ್ನ ಮೋಟಾರಿನ ಶಾಖವನ್ನೂ ಅದು ಸುತ್ತಲಿನ ಗಾಳಿಗೆ ಬಿಡುತ್ತದೆ. ಕಪಾಟಿನೊಳಗಿದ್ದರೆ ಅದೇ ಬಿಸಿ ಗಾಳಿ ಸಂಪಿಗೆ ಮರಳುತ್ತದೆ. ತಯಾರಕರು ಹೇಳಿದ ವೇಗದಲ್ಲೇ ನೀರು ಅದರ ಮೂಲಕ ಹರಿಯಲಿ, ಧೂಳಿನ ಜಾಲರಿಯನ್ನು ತಪ್ಪದೆ ತೊಳೆಯಿರಿ.

ಬೆಳಕು ಮತ್ತು ಆಹಾರ

ಹವಳದ ಮೈಯೊಳಗೆ ಬಾಳುವ ಝೂಕ್ಸಾಂಥೆಲ್ಲೆ ಎಂಬ ಸೂಕ್ಷ್ಮ ಪಾಚಿ, ಶಾಖ ಮತ್ತು ಪ್ರಖರ ಬೆಳಕು ಒಟ್ಟಿಗೆ ಬಂದಾಗ ಹವಳಕ್ಕೆ ಹಾನಿಕರವಾದ ಆಮ್ಲಜನಕ ರೂಪಗಳನ್ನು ಹುಟ್ಟಿಸುತ್ತದೆ. ಆಗ ಹವಳ ಆ ಪಾಚಿಯನ್ನು ಹೊರಹಾಕುತ್ತದೆ, ಬಿಳಿಚುವುದೆಂದರೆ ಇದೇ. ಹಾಗಾಗಿ ಸೆಕೆ ಏರಿದ ವಾರಗಳಲ್ಲಿ ಬೆಳಕಿನ ತೀವ್ರತೆಯನ್ನು ನಾಲ್ಕನೇ ಒಂದು ಭಾಗದಷ್ಟು ಇಳಿಸಿ. ದೀಪ ಉರಿಯುವ ಹೊತ್ತನ್ನೂ ಮುಂದೂಡಿ: ಮಧ್ಯಾಹ್ನದ ಬದಲು ಸಂಜೆ ನಾಲ್ಕರಿಂದ ರಾತ್ರಿ ಹನ್ನೆರಡರ ತನಕ. ಹವಳಕ್ಕೆ ಗಡಿಯಾರ ಬೇಕಿಲ್ಲ, ನಿಯಮಿತ ಲಯವಿದ್ದರೆ ಸಾಕು. ಒಂದೇ ದಿನ ಬದಲಿಸದೆ ದಿನಕ್ಕೆ ಅರ್ಧ ಗಂಟೆಯಂತೆ ಸರಿಸಿ. ರಾತ್ರಿಯ ಕತ್ತಲು ತಡವಾಗಿ ಶುರುವಾಗುವುದರಿಂದ ನಸುಕಿನ ಆಮ್ಲಜನಕದ ಕೊರತೆಯೂ ತುಸು ತಗ್ಗುತ್ತದೆ. ಸಂಪಿನಲ್ಲಿ ಕೀಟೋಮಾರ್ಫಾದಂಥ ಪಾಚಿ ಬೆಳೆಸುವವರು ಅದರ ದೀಪವನ್ನು ಮುಖ್ಯ ದೀಪ ಆರಿದ ಮೇಲೆ ಉರಿಸಲಿ.

ಆಹಾರವನ್ನು ಕಡಿಮೆ ಮಾಡಿ. ಕೊಳೆಯುವ ಆಹಾರ ಆಮ್ಲಜನಕವನ್ನು ತಿನ್ನುತ್ತದೆ. ಅದರಿಂದ ಹುಟ್ಟುವ ಅಮೋನಿಯದಲ್ಲಿ ವಿಷಕಾರಿ ರೂಪದ ಪಾಲು ನೀರು ಬಿಸಿಯಾದಷ್ಟೂ ಹೆಚ್ಚುತ್ತದೆ. ಹೊಸ ಮೀನು, ಹೊಸ ಹವಳ ತರುವುದನ್ನು ಸೆಕೆ ಇಳಿಯುವ ತನಕ ಮುಂದಕ್ಕೆ ಹಾಕಿ.

ತುರ್ತು ಹೊತ್ತಿನಲ್ಲಿ

ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿವೆ, ಕಿವಿರುಗಳು ವೇಗವಾಗಿ ಬಡಿಯುತ್ತಿವೆ, ಅನಿಮೋನ್ ಕುಗ್ಗಿ ಬಾಯಿ ಬಿಟ್ಟಿದೆ ಎಂದಾದರೆ ಥರ್ಮಾಮೀಟರ್ ನೋಡುವ ಮೊದಲೇ ಗಾಳಿಪಂಪಿಗೆ ಜೋಡಿಸಿದ, ಗುಳ್ಳೆ ಬಿಡುವ ಗಾಳಿಕಲ್ಲನ್ನು ನೀರಿಗಿಳಿಸಿ. ಆಮೇಲೆ ದೀಪ ಆರಿಸಿ, ಫ್ಯಾನ್ ಹಾಕಿ, ಉಷ್ಣತೆ ಅಳೆಯಿರಿ. ಮಂಜುಗಡ್ಡೆಯ ಉಪಯೋಗ ಇಂಥ ಹೊತ್ತಿಗೆ ಮಾತ್ರ. ಮುಚ್ಚಳ ಬಿಗಿಯಾದ, ಒಳಗೆ ಆರ್‌ಒ ನೀರೇ ಇರುವ ಬಾಟಲಿಯನ್ನು ಸಂಪಿನಲ್ಲಿ ತೇಲಿಬಿಡಿ, ಒಡೆದರೂ ವಿಷವಾಗದು. ಅದನ್ನು ಟಾಪ್-ಅಪ್ ಸಂವೇದಕವಿರುವ ಕೋಣೆಯಿಂದ ದೂರವಿಡಿ, ಆ ಹೊತ್ತಿಗೆ ಟಾಪ್-ಅಪ್ ಪಂಪನ್ನೂ ನಿಲ್ಲಿಸಿ. ಗಂಟೆಗೆ ಒಂದು ಡಿಗ್ರಿಗಿಂತ ವೇಗವಾಗಿ ಇಳಿಸಬೇಡಿ.

ವಿದ್ಯುತ್ ಹೋದಾಗ ಬ್ಯಾಟರಿಯ ಗಾಳಿಪಂಪು ತಾನಾಗಿ ಶುರುವಾಗುವಂತಿರಲಿ. ಇನ್ವರ್ಟರ್ ಇದ್ದರೆ ಮೊದಲು ಅಲೆಯ ಪಂಪಿಗೆ, ಆಮೇಲೆ ಫ್ಯಾನಿಗೆ ಕೊಡಿ. ದೀಪ ಒಂದೆರಡು ದಿನ ಇಲ್ಲದಿದ್ದರೂ ಹವಳ ಬದುಕುತ್ತದೆ.

ಹವಳ ಬಿಳಿಚಿದ ಮೇಲೆ

ಬಿಳಿಚಿದ ಹವಳ ಸತ್ತ ಹವಳವಲ್ಲ. ಭೂತಗನ್ನಡಿಯಲ್ಲಿ ನೋಡಿ: ಬಿಳಿ ಅಸ್ಥಿಯ ಮೇಲೆ ಪಾರದರ್ಶಕ ಚರ್ಮ ಇದೆಯೇ, ದೀಪ ಆರಿದ ಮೇಲೆ ಪಾಲಿಪ್‌ಗಳು (ಹವಳದ ಗುಂಪನ್ನು ಕಟ್ಟಿರುವ ಪುಟ್ಟ ಪ್ರಾಣಿಗಳು) ಮುಖ ಹೊರಹಾಕುತ್ತಿವೆಯೇ? ಹಾಗಿದ್ದರೆ ಅದು ಬದುಕಿದೆ, ಹಸಿದಿದೆ. ತನ್ನೊಳಗಿನ ಪಾಚಿ ಕೊಡುತ್ತಿದ್ದ ಊಟ ನಿಂತುಹೋಗಿರುವುದರಿಂದ ಅದಕ್ಕೆ ಹೊರಗಿನಿಂದ ಉಣಿಸಬೇಕು. ಹವಾಯಿಯ ಮಾಂಟಿಪೋರಾ ಕ್ಯಾಪಿಟೇಟಾ ಎಂಬ ಹವಳ ಬಿಳಿಚಿದಾಗ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳಾದ ಪ್ಲಾಂಕ್ಟನ್ ತಿನ್ನುವುದನ್ನು ಹೆಚ್ಚಿಸಿಕೊಂಡು ಚೇತರಿಸಿಕೊಳ್ಳುವುದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ವಾರಕ್ಕೆ ಎರಡು ಮೂರು ರಾತ್ರಿ, ದೀಪ ಆರಿದ ಮೇಲೆ, ಅಲೆಯ ಪಂಪನ್ನು ಹತ್ತು ನಿಮಿಷ ನಿಲ್ಲಿಸಿ, ಹ್ಯಾಮರ್‌ನಂಥ ದೊಡ್ಡ ಬಾಯಿಯವುಗಳಿಗೆ ಮೈಸಿಸ್ ಸಿಗಡಿಯ ಚೂರು, ಸಣ್ಣ ಪಾಲಿಪ್‌ನವುಗಳಿಗೆ ರೋಟಿಫರ್‌ನಂಥ ಸೂಕ್ಷ್ಮ ಆಹಾರ ಪಿಪೆಟ್ಟಿನಿಂದ ಕೊಡಿ. ಪಂಪನ್ನು ಮತ್ತೆ ಚಾಲೂ ಮಾಡಲು ಮರೆಯದಂತೆ ಗಡಿಯಾರಕ್ಕೆ ಹೇಳಿಡಿ.

ಬಿಳಿಚಿದ ಹವಳವನ್ನು ಕಿತ್ತು ಬೇರೆ ಕಡೆ ನೆಡಬೇಡಿ, ಔಷಧಿಯಲ್ಲಿ ಅದ್ದಬೇಡಿ. ಚರ್ಮ ಬುಡದಿಂದ ಸುಲಿದು ಮೇಲೇರುತ್ತಿದ್ದರೆ ಮಾತ್ರ ಆರೋಗ್ಯವಾಗಿರುವ ತುದಿಯನ್ನು ಕತ್ತರಿಸಿ ಉಳಿಸಿಕೊಳ್ಳಿ. ಅಸ್ಥಿಯ ಮೇಲೆ ಹಸಿರು ಪಾಚಿ ಹಬ್ಬಿದ ಭಾಗ ಮರಳಿ ಬರುವುದಿಲ್ಲ, ಆದರೆ ಅದರ ಪಕ್ಕದ ಅಂಗೈಯಗಲ ಜಾಗ ಬದುಕಿದ್ದರೆ ಇಡೀ ಗುಂಪನ್ನು ಎಸೆಯಬೇಡಿ. ಬೆಳಕನ್ನು ಇಳಿಸಿದ ಮಟ್ಟದಲ್ಲೇ ಇಡಿ. ಕಂದು ಛಾಯೆ ಮೊದಲು ನೆರಳಿನ ಬದಿಯಲ್ಲಿ, ಮಡಿಕೆಗಳ ಒಳಗೆ ಕಾಣಿಸಿಕೊಳ್ಳುತ್ತದೆ. ಅದು ಮೇಲ್ಭಾಗಕ್ಕೂ ಹರಡಿದ ಮೇಲೆ ವಾರಕ್ಕೆ ಶೇ 5ರಂತೆ ಬೆಳಕನ್ನು ಏರಿಸುತ್ತಾ ಹಳೆಯ ಮಟ್ಟಕ್ಕೆ ತನ್ನಿ.